ಇನ್ನೂರಕ್ಕೆ ಇನ್ನೂರು ಅಂಕ ಪಡೆದ ಗಾಡಿ

ಸೆಕೆಂಡ್ ಹ್ಯಾಂಡ್ ಎಸ್‌ಯುವಿ ನೋಡಲು ಹೋದರೆ ಮೊದಲು ಕೈಗೆ ಬರುವುದು ಕೀ ಅಲ್ಲ, ಇನ್ನೂರು ಅಂಶಗಳ ತಪಾಸಣಾ ಪಟ್ಟಿ. ವೈಪರ್ ಆಡುತ್ತದೆ, ಹಸಿರು ಟಿಕ್. ಸನ್‌ರೂಫ್ ತೆರೆಯುತ್ತದೆ, ಟಿಕ್. ಕಪ್ ಹೋಲ್ಡರ್‌ಗೂ ಒಂದು ಟಿಕ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸೇರಿ ಒಂದೇ ಸಾಲು: ‘ಶಬ್ದವಿಲ್ಲ’.

ಎಲ್ಲಿಂದ ಬರಬೇಕು ಶಬ್ದ? ನೀವು ಬರುವ ಅರ್ಧ ಗಂಟೆ ಮೊದಲೇ ಸ್ಟಾರ್ಟ್ ಮಾಡಿ ಬಿಸಿಯಾಗಿಸಿರುತ್ತಾರೆ. ಡೀಸೆಲ್ ಎಂಜಿನ್ ಬಾಯಿ ಬಿಡುವುದು ತಣ್ಣಗಿದ್ದಾಗ. ಟೈಮಿಂಗ್ ಚೈನ್ ಸಡಿಲಾಗಿದ್ದರೆ ಮೊದಲ ಎರಡು ಮೂರು ಸೆಕೆಂಡು ಕಟಕಟ ಎನ್ನುತ್ತದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿದ್ದರೆ ಬಿಳಿ ಹೊಗೆ ಬಿಟ್ಟು ಗಡಗಡ ನಡುಗುತ್ತದೆ. ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕಾಫಿ ಕುಡಿದು ಮನೆಗೆ ಹೋಗಿ, ಮರುದಿನ ಬೆಳಿಗ್ಗೆ ಹೇಳದೆ ಬನ್ನಿ.

ಇನ್ನು ಕಿಲೋಮೀಟರ್. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡಬಾರದು ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಮುದಿಯಾದ ಗಾಡಿ ಎನ್‌ಒಸಿ ಎಂಬ ನಿರಾಕ್ಷೇಪಣಾ ಪತ್ರ ಹಿಡಿದು ಬೆಂಗಳೂರಿಗೆ ಬರುವಷ್ಟರಲ್ಲಿ 60,000 ಕಿ.ಮೀ. ಓಡಿದ ಹರೆಯದ್ದಾಗಿರುತ್ತದೆ. ಯಯಾತಿ ಮಗನ ಯೌವನ ಬೇಡಬೇಕಾಯಿತು. ಇಲ್ಲಿ ಒಂದು ಲ್ಯಾಪ್‌ಟಾಪ್ ಸಾಕು. ಆದರೆ ಮೀಟರ್ ತಿದ್ದಿದವನು ಎಷ್ಟೋ ಸಲ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಒಳಗಿನ ಲೆಕ್ಕವನ್ನು ಮರೆತಿರುತ್ತಾನೆ. ಸ್ಕ್ಯಾನರ್ ಹಚ್ಚಿಸಿ. ಅದೂ ಇಲ್ಲದಿದ್ದರೆ ಕ್ಲಚ್ ಪೆಡಲಿನ ರಬ್ಬರ್ ನೋಡಿ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಆಟೊಮ್ಯಾಟಿಕ್ ಆದರೆ ಇನ್ನೊಂದು ವೇದವಾಕ್ಯ: ‘ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್ ಸಾರ್, ಬದಲಿಸೋದೇ ಬೇಡ.’ ಯಾರ ಲೈಫು? ಗೇರ್‌ಬಾಕ್ಸ್ ಒಳಗಿನ ಸವೆದ ಕ್ಲಚ್ ಪ್ಯಾಕಿನ ಪುಡಿ ಅದೇ ಹಳೇ ಎಣ್ಣೆಯಲ್ಲಿ ತಿರುಗಿ ತಿರುಗಿ ಎಣ್ಣೆಯ ಹರಿವು ನಿಯಂತ್ರಿಸುವ ವಾಲ್ವ್ ಬಾಡಿಯ ಸೊಲೆನಾಯ್ಡ್‌ಗಳಲ್ಲಿ (ವಿದ್ಯುತ್ ಕವಾಟಗಳಲ್ಲಿ) ಸಿಕ್ಕಿಕೊಳ್ಳುತ್ತದೆ. ಆಮೇಲೆ ‘ಡಿ’ಗೆ ಹಾಕಿದರೆ ಗಾಡಿ ಹಿಂದಿನಿಂದ ಒದೆಯುತ್ತದೆ. 60-80 ಸಾವಿರ ಕಿ.ಮೀ.ಗೊಮ್ಮೆ ಎಣ್ಣೆ, ಫಿಲ್ಟರ್ ಬದಲಿಸಿದರೆ ಖರ್ಚು ಸಾವಿರಗಳಲ್ಲಿ. ಇಲ್ಲವಾದರೆ ಲಕ್ಷದ ಮಾತು.

ಹೆದರಬೇಡಿ, ವಾರಂಟಿ ಇದೆ! ಸಣ್ಣಕ್ಷರದಲ್ಲಿ ಮಾತ್ರ ‘ಸವೆಯುವ ಭಾಗಗಳು ಸೇರಿಲ್ಲ’ ಎಂದಿರುತ್ತದೆ. ಕ್ಲಚ್ ಸವೆಯುವ ಭಾಗ. ಎಂಜಿನ್ನಿನ ನಡುಕ ತಗ್ಗಿಸುವ ಡ್ಯುಯಲ್ ಮಾಸ್ ಫ್ಲೈವೀಲ್ ಸವೆಯುವ ಭಾಗ. ಕೇಳಿ ನೋಡಿ, ಇಂಜೆಕ್ಟರ್, ಟರ್ಬೊ ಕೂಡ ಅದೇ ಗೋತ್ರಕ್ಕೆ ಸೇರಿಬಿಡುತ್ತವೆ. ಕೊನೆಗೆ ವಾರಂಟಿಗೆ ಉಳಿಯುವುದು ಎಂಜಿನ್ ಬ್ಲಾಕು, ಅಂದರೆ ಎರಕದ ಲೋಹ.

2020ರ ನಂತರದ, ಬಿಎಸ್6 ಹೊಗೆ ನಿಯಮದ ಡೀಸೆಲ್ಲಿನದು ಬೇರೆ ರಾಗ. ಅದರ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ತನ್ನೊಳಗಿನ ಮಸಿ ಸುಟ್ಟುಕೊಳ್ಳಲು ಹೈವೇಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಸಂಸಾರ ಮಾಡಿದ ಗಾಡಿಗೆ ಆ ಭಾಗ್ಯವೆಲ್ಲಿ? ಮಸಿ ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ, ಅದಕ್ಕೆಂದು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ನೀರಾಗುತ್ತದೆ, ಬೇರಿಂಗ್‌ಗಳಿಗೆ ಕುತ್ತು. ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ‘ಮ್ಯಾಕ್ಸ್’ ಗೆರೆಗಿಂತ ಒಂದು ಬೆರಳು ಮೇಲೆ.

‘ನೋಡಿ ಸಾರ್, ಒಂದು ಹನಿ ಆಯಿಲ್ ಕುಡಿಯಲ್ಲ!’

ಆಯಿಲ್ ಮಟ್ಟ: ಭರ್ತಿ. ಹಸಿರು ಟಿಕ್.