ಕಷ್ಟ ಆಮೇಲೆ ಹೇಳಿ, ಯಾವ ಕಂಬ ಹೇಳಿ

‘ಕರೆಂಟ್ ಲೈನ್ ಗಲಾಟೆಗೆ ರೇಡಿಯೊ ಹಚ್ಚೋಕೇ ಬೇಜಾರು. ದೂರು ಕೊಟ್ಟರೂ ಯಾರೂ ಬರಲ್ಲ.’ ಹ್ಯಾಮ್ ಗೆಳೆಯರು, ಅಂದರೆ ಲೈಸೆನ್ಸು ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು, ಸೇರಿದಲ್ಲೆಲ್ಲ ಇದೇ ಗೋಳು. ನಾನೂ ಹೇಳಿಕೊಂಡು ತಿರುಗಿದವನೇ. ಆದರೆ ಈಗ ಅನ್ನಿಸುತ್ತೆ, ಅರ್ಧ ತಪ್ಪು ನಮ್ಮದೇ.

ನನ್ನದು 40 ಮೀಟರ್ ಬ್ಯಾಂಡ್, ಅಂದರೆ 7 ಮೆಗಾಹರ್ಟ್ಸ್. ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತರೆ ಹುಬ್ಬಳ್ಳಿ, ಮಂಗಳೂರು ಎಲ್ಲ ಪಕ್ಕದ ಮನೆಯಷ್ಟು ಹತ್ತಿರ. ಹೋದ ವರ್ಷ ಚಳಿಗಾಲ ಮುಗಿಯುತ್ತಿದ್ದ ಹಾಗೆ ‘ಗರ್ರ್’ ಅಂತ ಒಂದು ಸದ್ದು ಶುರುವಾಯಿತು. ರೇಡಿಯೊದಲ್ಲಿ ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಮೀಟರಿನ ಮುಳ್ಳು ಒಂಬತ್ತರಿಂದ ಕೆಳಗಿಳಿಯಲೇ ಇಲ್ಲ.

ಮೊದಲು ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ರೇಡಿಯೊವನ್ನು ಬ್ಯಾಟರಿಗೆ ಹಾಕಿದೆ. ನಾಚಿಕೆಯ ಮಾತು, ಗಲಾಟೆ ಸ್ವಲ್ಪ ತಗ್ಗಿತು! ಒಂದೊಂದೇ ಹುಡುಕಿದರೆ, ದೇವರ ಮನೆಯ ಅಗ್ಗದ ಎಲ್‌ಇಡಿ ಬಲ್ಬ್. ತೆಗೆದೆ. ‘ನಿಮ್ಮ ರೇಡಿಯೊಗೋಸ್ಕರ ದೇವರಿಗೂ ಕತ್ತಲೆ ಮಾಡಿದ್ರಿ’ ಅಂದಳು ನನ್ನಾಕೆ. ಆದರೆ ದೊಡ್ಡ ಗರ್ರ್ ಹಾಗೇ ಇತ್ತು.

ಅದು ಲೈನಿನದೇ ಅಂತ ಗಟ್ಟಿಯಾಗಿದ್ದು ಮಳೆ ಬಂದ ದಿನ. ಹನಿ ಬಿದ್ದು ಹತ್ತು ನಿಮಿಷಕ್ಕೆ ಸದ್ದು ಮಾಯ. ಒಣಗಾಳಿ ಎದ್ದರೆ ಮತ್ತೆ ಹಾಜರ್. ಕಂಬದ ಮೇಲೆ ಎಲ್ಲೋ ಎರಡು ಲೋಹಗಳು ಬಿಗಿಯಾಗಿ ಕೂತಿಲ್ಲ, ನಡುವೆ ಕೂದಲೆಳೆ ಸಂದು. ಅಲ್ಲಿ ಕಿಡಿ ಹಾರುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸೈಕಲ್, ಒಂದು ಸೈಕಲಿಗೆ ಎರಡು ಸಲ ತುದಿ ಮುಟ್ಟುತ್ತದೆ, ಹಾಗಾಗಿ ಸೆಕೆಂಡಿಗೆ ನೂರು ಸಲ ಚಟಪಟ. ಆ ಸಂದಿಗೆ ನೀರು ಇಳಿದರೆ ಕಿಡಿಗೆ ಜಾಗವಿಲ್ಲ. (ಮಳೆ ಬಂದಾಗಲೇ ಜಾಸ್ತಿಯಾಗುವ ಸದ್ದೂ ಇದೆ. ಅದು ಬೇರೆ ಕಾಯಿಲೆ.)

ಎರಡು ಪುಟದ ಅರ್ಜಿ ಬರೆದೆ. ಲೈಸೆನ್ಸು, ಫ್ರೀಕ್ವೆನ್ಸಿ, 2004ರ ಸುನಾಮಿಯಲ್ಲಿ ಅಂಡಮಾನಿನಿಂದ ಹ್ಯಾಮ್‌ಗಳು ಸುದ್ದಿ ಮುಟ್ಟಿಸಿದ್ದು, ಎಲ್ಲವನ್ನೂ ತುರುಕಿದ್ದೆ. ಕರೆಂಟಿನ ಸೆಕ್ಷನ್ ಆಫೀಸಿನಲ್ಲಿ ಕೂತಿದ್ದವರು ಮೊದಲ ಪ್ಯಾರಾ ಓದಿ ತಲೆಯೆತ್ತಿದರು.

‘ಮನೆಗೆ ಕರೆಂಟ್ ಬರ್ತಿದೆ ಅಲ್ವಾ ಸಾರ್?’

‘ಬರ್ತಿದೆ.’

‘ಮತ್ತೇನು?’

ಆವತ್ತು ಮೈಯೆಲ್ಲ ಉರಿದಿತ್ತು. ಆದರೆ ಅವರು ಮಾಡಬೇಕಿದ್ದಾದರೂ ಏನು? ಊರೆಲ್ಲ ಕಂಬಗಳು, ಯಾವುದನ್ನು ಹತ್ತೋದು? ಅದು ಆ ಎರಡು ಪುಟದಲ್ಲಿ ಇರಲೇ ಇಲ್ಲ.

ಹುಡುಕುವುದಕ್ಕೆ ಒಂದು ಉಪಾಯವಿದೆ. 7 ಮೆಗಾಹರ್ಟ್ಸಿನಲ್ಲಿ ಸದ್ದು ತಂತಿ ಹಿಡಿದು ಬಹಳ ದೂರ ಹೋಗುತ್ತದೆ, ಎಲ್ಲ ಕಂಬವೂ ಕಳ್ಳನ ಹಾಗೆ ಕಾಣುತ್ತದೆ. ಫ್ರೀಕ್ವೆನ್ಸಿ ಏರಿಸುತ್ತಾ ಹೋದರೆ ದೂರದ್ದು ಸತ್ತು ಹತ್ತಿರದ್ದು ಮಾತ್ರ ಉಳಿಯುತ್ತದೆ. ಎಫ್ಎಂ ಸೆಟ್ ಇದಕ್ಕೆ ಆಗಲ್ಲ, ಎಎಂ ಬೇಕು. ವಿಮಾನದವರ ಮಾತು ಎಎಂನಲ್ಲೇ ಇರುತ್ತದೆ. ಆ ಬ್ಯಾಂಡ್ ಹಿಡಿಯುವ ಪುಟ್ಟ ರಿಸೀವರಿಗೆ, ಬಡಗಿಯ ಸ್ಟೀಲ್ ಟೇಪ್ ಕತ್ತರಿಸಿ ಮಾಡಿದ ಮೂರು ಕಡ್ಡಿಯ ಯಾಗಿ ಆಂಟೆನಾ (ತಿರುಗಿಸಿದ ದಿಕ್ಕಿನದನ್ನೇ ಜೋರಾಗಿ ಹಿಡಿಯುವಂಥದ್ದು) ಸಿಕ್ಕಿಸಿ, ಮೂರು ಸಂಜೆ ನಡೆದೆ. ನಾಯಿಗಳು ಬೊಗಳಿದವು. ‘ಅಂಕಲ್, ಮೀನು ಹಿಡಿಯೋಕಾ?’ ಅಂದರು ಹುಡುಗರು.

ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ನಾಲ್ಕನೇ ಕಂಬ, ತೆಂಗಿನ ತೋಟದ ಮೂಲೆ.

ಈ ಸಲ ಅರ್ಜಿ ಬರೆಯಲಿಲ್ಲ. ಲೈನ್‌ಮನ್‌ಗೆ ಕಂಬ ತೋರಿಸಿ, ‘ಇಲ್ಲಿ ಕಿಡಿ ಹಾರ್ತಿದೆ’ ಅಂದೆ. ರೇಡಿಯೊ ಸುದ್ದಿಯನ್ನೇ ಎತ್ತಲಿಲ್ಲ. ಅವರು ಕೇಳಿದ್ದು ಒಂದೇ, ‘ಮಳೆ ಬಂದ್ರೆ ನಿಲ್ಲುತ್ತಾ?’ ಹೂಂ ಅಂದೆ. ‘ಹಾಗಾದ್ರೆ ಬೈಂಡಿಂಗ್ ಲೂಸು ಸಾರ್.’ ನಾನು ಪುಸ್ತಕ ಓದಿ ಕಲಿತಿದ್ದು ಅವರಿಗೆ ಕೈಯಲ್ಲೇ ಗೊತ್ತಿತ್ತು. ಎರಡು ದಿನ ಬಿಟ್ಟು ಎಲ್‌ಸಿ ತಗೊಂಡು, ಅಂದರೆ ಲೈನ್ ಆಫ್ ಮಾಡಿಸಿಕೊಂಡು, ಹತ್ತಿದರು. ಇನ್ಸುಲೇಟರಿಗೆ ತಂತಿ ಕಟ್ಟಿದ್ದ ಹಳೇ ಬೈಂಡಿಂಗ್ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಕಪ್ಪಗೆ ಸುಟ್ಟು, ಇಲಿ ಕಚ್ಚಿದ ಹಾಗೆ ಸವೆದಿತ್ತು.

ಅಮೆರಿಕದಲ್ಲಿ ಲೈನಿನಿಂದ ರೇಡಿಯೊಗೆ ತೊಂದರೆಯಾದರೆ ಸರಿಮಾಡುವ ಹೊಣೆ ಕರೆಂಟ್ ಕಂಪನಿಯದೇ ಅಂತ ನಿಯಮವಿದೆ. ಅಲ್ಲಿನ ಕೆಲವು ಕಂಪನಿಗಳಲ್ಲಿ ಇದನ್ನೇ ಹುಡುಕುವ ಪರಿಣತರೂ ಇದ್ದಾರೆ. ನಮ್ಮಲ್ಲೂ ಬರಲಿ, ಬೇಡ ಅನ್ನಲ್ಲ. ಸಡಿಲ ಬೈಂಡಿಂಗ್ ಸವೆದು ಒಂದು ದಿನ ತಂತಿಯೇ ಕೆಳಗೆ ಬೀಳಬಹುದು. ಅದನ್ನು ಮೊದಲೇ ಕೇಳಿಸಿಕೊಳ್ಳುವವರು ಬಿಟ್ಟಿಯಾಗಿ ಸಿಕ್ಕಿದ್ದಾರೆ ಅಂತ ಆಫೀಸಿನವರೂ ತಿಳಿಯಬೇಕು.

ಇನ್ನೊಂದು ಮಾತು. ಸದ್ದು ಬದಲಾಗುತ್ತಾ ನೋಡೋಣ ಅಂತ ಕಂಬಕ್ಕೆ ಒದೆಯುವ, ಕಂಬಕ್ಕೆ ಆಸರೆ ಕೊಟ್ಟ ಸ್ಟೇ ತಂತಿ ಎಳೆಯುವ ಶೂರರಿದ್ದಾರೆ. ತಲೆ ಮೇಲೆ 11,000 ವೋಲ್ಟ್ ಇದೆ ಕಣ್ರಯ್ಯಾ! ದೂರದಿಂದ ಗುರುತು ಹಾಕಿ, ಸುಮ್ನೆ ಬನ್ನಿ.

ಮೊನ್ನೆ ಗಾಳಿ ಎದ್ದಾಗ ಮತ್ತೆ ಸಣ್ಣ ಕರಕರ. ಟಿಸಿಯ ಆಚೆ ಕಡೆಯದು ಅನ್ನಿಸುತ್ತೆ. ಟೇಪಿನ ಆಂಟೆನಾ ಹಿಡಿದು ಹೊರಟಿದ್ದೇನೆ. ಮೀನು ಹಿಡಿಯುವ ಅಂಕಲ್ ಬಂದರು ಅಂತ ಹುಡುಗರು ಆಗಲೇ ಗೇಟಿನ ಹತ್ತಿರ ಸೇರಿದ್ದಾರೆ.