ಕೀಂಯ್ ಪುರಾಣ

ನಮ್ಮ ಕಾರಿಗೆ ಒಂಬತ್ತು ವರ್ಷ. ಇಷ್ಟು ದಿನ ತುಟಿ ಪಿಟಕ್ಕೆನ್ನದೆ ಸಂಸಾರ ಮಾಡಿಕೊಂಡಿತ್ತು. ಈ ಮಳೆಗಾಲದಲ್ಲಿ ಅದಕ್ಕೆ ಬಾಯಿ ಬಂತು. ಬ್ರೇಕ್ ಮೇಲೆ ಕಾಲಿಟ್ಟರೆ ಸಾಕು, ಹಿಂದಿನಿಂದ ‘ಕೀಂಯ್’. ಜೋರಾಗಿ ಒತ್ತಿದರೆ ಇಲ್ಲ, ಮೆಲ್ಲಗೆ ಮರ್ಯಾದೆಯಿಂದ ಒತ್ತಿದರೆ ಮಾತ್ರ. ಬೆಂಗಳೂರಿನಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಕೂರುವುದಕ್ಕೇ ಅಲ್ವಾ ನಾವು ಡ್ರೈವಿಂಗ್ ಅನ್ನೋದು?

ಹೋದ ವಾರ ಸೌತ್ ಎಂಡ್ ಸರ್ಕಲ್ ಸಿಗ್ನಲ್‌ನಲ್ಲಿ ಕಾರು ಒಂದೊಂದೇ ಗೇಣು ಮುಂದೆ ಹೋಗುತ್ತಾ ಗೇಣಿಗೊಂದು ಕೀಂಯ್ ಹಾಕುತ್ತಿತ್ತು. ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, ಬಗ್ಗಿ ನನ್ನ ಕಾರಿನ ಅಡಿ ನೋಡಿ, “ಸಾರ್, ಹಂದಿಮರಿ ಏನಾದ್ರೂ ಸಿಕ್ಕಾಕ್ಕೊಂಡಿದ್ಯಾ?” ಅಂದ. ಹಿಂದಿನ ಸೀಟಿನಲ್ಲಿದ್ದ ಮಗಳು ನಕ್ಕಳು. ಅವನ ಆಟೋದಲ್ಲಿದ್ದ ಹೆಂಗಸೂ ನಕ್ಕರು. ಸಿಗ್ನಲ್ 140 ಸೆಕೆಂಡಿನದು. ಕಾರಿನ ಗಾಜು ಏರಿಸಿಕೊಂಡು, ಯಾವುದೋ ಫೋನ್ ಬಂದಂತೆ ನಟಿಸಿದೆ.

ಸರ್ವಿಸ್ ಸೆಂಟರಿಗೆ ತೋರಿಸಿದೆ. ಅವರ ಹುಡುಗ ಗಾಜೆಲ್ಲ ಮುಚ್ಚಿ, ಎ.ಸಿ. ಹಾಕಿ, ಎಫ್ಎಂ ಹಚ್ಚಿಕೊಂಡು ಒಂದು ರೌಂಡ್ ಹೋಗಿಬಂದು, “ಸೌಂಡೇ ಇಲ್ವಲ್ಲ ಸರ್” ಅಂದ. ಸರಿ, ನಾನೇ ಕೂತು ಹೊರಟೆ. ಇಲ್ಲ! ಎರಡು ವಾರ ಊರಿಗೆಲ್ಲ ಕೇಳುವಂತೆ ಕಿರುಚಿದ ಕಾರು ಅಲ್ಲಿ ಹೆಣ್ಣು ನೋಡಲು ಬಂದ ದಿನದ ಹುಡುಗಿಯ ಹಾಗೆ ತಲೆ ತಗ್ಗಿಸಿಕೊಂಡಿತ್ತು. ಸೌಂಡ್ ಇಲ್ಲ ಅಂದವರೇ ಐದು ನಿಮಿಷಕ್ಕೆ ಎಸ್ಟಿಮೇಟ್ ತಂದರು. ಹಿಂದಿನ ಚಕ್ರಗಳ ಎರಡೂ ಡ್ರಮ್ಮು, ಅದರ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂ, ಆ ಶೂ ತಳ್ಳುವ ವೀಲ್ ಸಿಲಿಂಡರು, ಲೇಬರು ಸೇರಿ 9,400 ರೂಪಾಯಿ. ಬರದ ಶಬ್ದಕ್ಕೇ ಇಷ್ಟಾದರೆ ಬರುವ ಶಬ್ದಕ್ಕೆ ಎಷ್ಟು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಗೇಟು ದಾಟಿ ಮೊದಲ ಹಂಪ್‌ಗೆ ಕೀಂಯ್.

ಆಗ ರಂಗಕ್ಕಿಳಿದವರು ಎದುರುಮನೆ ರಾಯರು. ವಯಸ್ಸು 72. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದು ರಿಟೈರ್ ಆದವರು. ಆ ಫ್ಯಾಕ್ಟರಿ 1961ರಲ್ಲಿ ಶುರುವಾಯಿತು ಎಂಬುದು ನಮ್ಮ ರಸ್ತೆಯ ಮಕ್ಕಳಿಗೂ ಗೊತ್ತು. ರಾಯರು ಅದನ್ನು ಹೇಳದೆ ಯಾವ ಮಾತನ್ನೂ ಶುರು ಮಾಡುವುದಿಲ್ಲ. “ಟಿಕ್ ಟಿಕ್‌ನಲ್ಲಿ ಹೆಚ್ಚುಕಡಿಮೆ ಹಿಡಿದ ಕಿವಿ ಕಣ್ರೀ ಇದು. ನಿಮ್ಮ ಬ್ರೇಕ್ ಯಾವ ಲೆಕ್ಕ? ನೀವು ಓಡಿಸಿ, ನಾನು ಪಕ್ಕದಲ್ಲಿ ನಡೀತೀನಿ” ಅಂದರು.

ನಮ್ಮದು ಹನುಮಂತನಗರದ ಇಳಿಜಾರಿನ ರಸ್ತೆ. ಬೆಳಗ್ಗೆ ಏಳು ಗಂಟೆ. ನಾನು ನಡಿಗೆಯ ವೇಗದಲ್ಲಿ ಕಾರು ಬಿಟ್ಟೆ. ರಾಯರು ಪಂಚೆ ಎತ್ತಿಕಟ್ಟಿ, ಸೊಂಟ ಬಗ್ಗಿಸಿ, ಹಿಂದಿನ ಚಕ್ರಕ್ಕೆ ಕಿವಿ ಕೊಟ್ಟು ಜೊತೆಗೇ ಹೊರಟರು. ಇಳಿಜಾರು ಜಾಸ್ತಿಯಾಯಿತು. ಕಾರಿನ ಜೊತೆ ರಾಯರೂ ಜಾಸ್ತಿಯಾದರು. “ಒತ್ತಿ!” ಅಂತ ಕೂಗುತ್ತಾರೆ, ಒತ್ತುತ್ತೇನೆ, ಕೀಂಯ್. “ಬಿಡಿ!” ಬಿಡುತ್ತೇನೆ. ಕಾರು ಮುಂದೆ, ರಾಯರು ಹಿಂದೆ, ಅವರ ಹಿಂದೆ ಬೀದಿಯ ಮೂರು ನಾಯಿ. ಸೊಪ್ಪಿನ ಗಾಡಿಯಾಕೆ ಗಾಡಿ ನಿಲ್ಲಿಸಿ, “ಯಾಕ್ ಸ್ವಾಮಿ, ಯಜಮಾನ್ರನ್ನ ಬಿಟ್ಟು ಹೋಗ್ತಿದ್ದೀರಾ?” ಅಂತ ಕೇಳಿದಳು. ಮೇಲಿನ ಮಹಡಿಯಿಂದ ಯಾರೋ ಮೊಬೈಲ್ ಹಿಡಿದದ್ದು ಕನ್ನಡಿಯಲ್ಲಿ ಕಂಡಿತು. ಸಾಲದು ಅಂತ ರಾಯರು ತಿರುವಿನಲ್ಲಿ ಕಾರಿನ ಎದುರು ನಿಂತು, ಟ್ರಾಫಿಕ್ ಪೊಲೀಸರ ಹಾಗೆ ಕೈ ಚಾಚಿ, “ಈಗ ನನ್ನ ಕಡೆ ಬನ್ನಿ!” ಅಂದರು. ಬ್ರೇಕಿನ ಮೇಲೇ ಅನುಮಾನ ಇರುವ ಕಾರನ್ನು ಇಳಿಜಾರಿನಲ್ಲಿ ತನ್ನ ಮೇಲೇ ಬಿಡು ಅನ್ನುವ ಧೈರ್ಯ ನೋಡಿ! ಹೋದೆ. ಕೀಂಯ್ ಅಂತ ಎರಡು ಅಡಿ ದೂರದಲ್ಲಿ ನಿಂತಿತು. ರಾಯರು ಕಣ್ಣು ಮುಚ್ಚಿ ತಲೆದೂಗಿದರು. “ಎಡಗಡೆ. ಅನುಮಾನವೇ ಇಲ್ಲ. ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡಿ, ಬಾಗಿಲಿನ ಕೀಲಿಗೆ ಬಿಡ್ತೀವಲ್ಲ ಹಾಗೆ.”

ಎಣ್ಣೆ ತರಲು ಒಳಗೆ ಹೋದರೆ ನನ್ನಾಕೆ, “ಬ್ರೇಕ್‌ಗೆ ಎಣ್ಣೆ ಹಾಕಿದ್ರೆ ಕಾರು ನಿಲ್ಲೋದು ಹೇಗ್ರೀ?” ಅಂದಳು. ಹತ್ತು ವರ್ಷಗಳಿಂದ ಗಾಡಿ ಓಡಿಸುವ ನನಗೆ ಅದು ಹೊಳೆದಿರಲಿಲ್ಲ. ಎಣ್ಣೆ ಶೀಸೆ ವಾಪಸ್ ಬಚ್ಚಲುಮನೆಗೆ ಹೋಯಿತು.

ಕೊನೆಗೆ ಕತ್ರಿಗುಪ್ಪೆಯ ಒಂದು ಸಣ್ಣ ಗ್ಯಾರೇಜು. ಮೆಕ್ಯಾನಿಕ್ ನನ್ನ ಕಥೆ ಪೂರ್ತಿ ಕೇಳಲೇ ಇಲ್ಲ. ಹ್ಯಾಂಡ್ ಬ್ರೇಕ್ ಇಳಿಸಿ, ಚಕ್ರ ಬಿಚ್ಚಿ, ಡ್ರಮ್ಮಿನ ಎರಡು ಸಣ್ಣ ತೂತಿಗೆ ಬೋಲ್ಟ್ ಹಾಕಿ ತಿರುಗಿಸಿದ. ಡ್ರಮ್ಮು ತಾನೇ ಹೊರಗೆ ಬಂತು. ಎಡಗಡೆಯದು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಬಲಗಡೆ ಬಿಚ್ಚಿದರೆ ಒಳಗೆ ಹಿಡಿಯಷ್ಟು ಕಪ್ಪು ಪುಡಿ, ಅಂಚಿನಲ್ಲಿ ತುಕ್ಕು. ಶೂ ಸವೆದಿರಲಿಲ್ಲ, ಆದರೆ ಕನ್ನಡಿಯ ಹಾಗೆ ಮಿನುಗುತ್ತಿತ್ತು.

“ಬ್ರೇಕ್ ಹಾಕಿದಾಗ ಭಾರ ಎಲ್ಲಾ ಮುಂದಕ್ಕೆ ಬೀಳುತ್ತೆ ಸಾರ್. ಮುಂದಿನ ಚಕ್ರದ ಡಿಸ್ಕ್ ಬ್ರೇಕೇ ಜಾಸ್ತಿ ಕೆಲಸ ಮಾಡೋದು. ನೀವು ಸ್ಪೀಡಲ್ಲಿ ಹೋಗೋದೇ ಇಲ್ಲ, ಇದಕ್ಕೆ ಮೈಮುರಿಯೋ ಕೆಲಸವೇ ಇಲ್ಲ. ಸುಮ್ನೆ ಉಜ್ಕೊಂಡು ಉಜ್ಕೊಂಡು ನುಣ್ಣಗಾಗಿದೆ, ಅದಕ್ಕೇ ಕೂಗ್ತಿದೆ” ಅಂದ. ಎಲ್ಲ ಆಫೀಸಿನಲ್ಲೂ ಹಿಂದಿನ ಸಾಲಿನಲ್ಲಿ ಇಂಥವರು ಇರುತ್ತಾರೆ, ಕೆಲಸ ಕಡಿಮೆ, ಸದ್ದು ಜಾಸ್ತಿ. ಪುಡಿ ಎದೆಗೆ ಹೋಗಬಾರದು ಅಂತ ಗಾಳಿ ಹೊಡೆಯದೆ, ಒದ್ದೆ ಮಾಡಿ ಒರೆಸಿದ. ಶೂ ಮೇಲೆ ಉಪ್ಪು ಕಾಗದ ಆಡಿಸಿ ಹೊಳಪು ತೆಗೆದ. ಶೂ ಒರಗುವ ತಗಡಿನ ಜಾಗಗಳು ಒಣಗಿದ್ದವು. ಅಲ್ಲಿಗೆ ಮಾತ್ರ, ಶೂಗೆ ತಾಗದ ಹಾಗೆ, ಬಿಸಿ ತಡೆಯುವ ಗ್ರೀಸನ್ನು ಚಿಟಿಕೆಯಷ್ಟು ಹಚ್ಚಿದ. ಕೊಬ್ಬರಿ ಎಣ್ಣೆಯ ವಿಷಯ ನಾನು ಎತ್ತಲಿಲ್ಲ. ಎರಡೂ ಕಡೆಗೆ ಸೇರಿ 600 ರೂಪಾಯಿ.

ರಾಯರಿಗೆ ಬಲಗಡೆ ಎಂದು ಹೇಳಿದೆ. “ಅದೇ ರೀ, ನಾನು ನಿಮಗೆ ಎದುರಾಗಿ ನಿಂತಿದ್ನಲ್ಲ, ನನಗೆ ಎಡ” ಅಂದರು.

ನಮ್ಮ ಅಪ್ಪನ ಸೈಕಲ್ಲಿನ ಬ್ರೇಕೂ ಕಿರುಚುತ್ತಿತ್ತು. ಸಂಜೆ ಬೀದಿಯ ತುದಿಯಲ್ಲಿ ಆ ಸದ್ದು ಕೇಳಿದರೆ ನಾನು, ತಮ್ಮ ಗೋಲಿ ಜೇಬಿಗೆ ತುರುಕಿ ಪುಸ್ತಕದ ಮುಂದೆ ಕೂರುತ್ತಿದ್ದೆವು. ಅಮ್ಮ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು. ಅದನ್ನು ಸರಿ ಮಾಡಿಸೋಣ ಅಂತ ಮನೆಯಲ್ಲಿ ಯಾರಿಗೂ ಯಾಕೆ ಅನ್ನಿಸಲಿಲ್ಲವೋ. ಅಪ್ಪನಿಗೂ ಅನ್ನಿಸಲಿಲ್ಲ. ಬಹುಶಃ ಅವರಿಗೆ ಎಲ್ಲ ಗೊತ್ತಿತ್ತು.

ನಿನ್ನೆ ಸಂಜೆ ಮೊದಲ ಸಲ ಸದ್ದಿಲ್ಲದೆ ಮನೆಗೆ ಬಂದೆ. ಗೇಟಿಗೆ ಒಳಗಿನಿಂದ ಬೀಗ. ಹಿಂದೆಲ್ಲ ಹಂಪ್ ಹತ್ತಿರದ ಕೀಂಯ್‌ಗೇ ಅದು ತೆಗೆದಿರುತ್ತಿತ್ತು. ಬೆಲ್ ಮಾಡಿ ಒಳಗೆ ಹೋದರೆ ಮಗಳು ಪುಸ್ತಕ ತಲೆಕೆಳಗಾಗಿ ಹಿಡಿದು ಓದುತ್ತಿದ್ದಾಳೆ, ಪಕ್ಕದ ದಿಂಬಿನಡಿ ಫೋನು ಹಾಡುತ್ತಿದೆ. ಕಾಫಿಗೆ ಇನ್ನೂ ಹಾಲೇ ಇಟ್ಟಿಲ್ಲ. “ಕಳ್ಳನ ಥರ ಬರ್ತೀರಲ್ರೀ, ಮುಂಚೆ ಎಷ್ಟು ಚೆನ್ನಾಗಿ ಗೊತ್ತಾಗ್ತಿತ್ತು” ಅಂದಳು ನನ್ನಾಕೆ. 600 ರೂಪಾಯಿ ಕೊಟ್ಟು ಬೈಸಿಕೊಂಡೆ.

ಇವತ್ತು ಹಂಪ್ ಹತ್ತಿರ ಬಂದಾಗ ಒಂದು ಚಿಕ್ಕ ಹಾರ್ನ್ ಹೊಡೆದೆ. ಗೇಟು ತೆಗೆಯಲಿಲ್ಲ. ಎದುರುಮನೆ ಬಾಲ್ಕನಿಗೆ ರಾಯರು ಬಂದರು. ಕಿವಿಯ ಹಿಂದೆ ಕೈ ಹಿಡಿದು, “ಹಾರ್ನ್ ಯಾಕೋ ಗೊಗ್ಗರು ಬಂದಿದೆ ಕಣ್ರೀ. ಇರಿ, ಪಂಚೆ ಕಟ್ಕೊಂಡು ಬಂದೆ” ಅಂದರು.