ಅರ್ಧ ಇಂಚಿನ ಜಗಳ

ಲಿಫ್ಟಿನೊಳಗೆ ಒಂದು ಪುಟ್ಟ ನಾಯಿ ಬಂತು. ಮೈತುಂಬ ಕೂದಲು, ಬೆನ್ನಿನ ಮೇಲೆ ಸುರುಳಿ ಸುತ್ತಿದ ಬಾಲ, ನೆತ್ತಿಗೊಂದು ಜುಟ್ಟು. ಸುಮ್ನೆ ಇರಬಹುದಿತ್ತು. "ಲಾಸಾ ಆಪ್ಸೊ ಅಲ್ವಾ?" ಅಂದುಬಿಟ್ಟೆ.

"ಅಲ್ಲ ಅಂಕಲ್, ಶಿಟ್ಜು. ಮೂಗು ನೋಡಿದ್ರೆ ಗೊತ್ತಾಗಲ್ವಾ?" ಎಂದಳು ಬೆಲ್ಟ್ ಹಿಡಿದಿದ್ದ ಹುಡುಗಿ.

ಮೂಗು ಕಂಡರೆ ತಾನೇ? ಅದು ಕೂದಲೊಳಗೆ ಎಲ್ಲೋ ಇತ್ತು. ಇನ್ನು ಆ 'ಅಂಕಲ್'. ನಾಯಿಯ ಜಾತಿ ತಪ್ಪು ಹೇಳಿದರೆ ತಿದ್ದುವವರಿದ್ದಾರೆ. ನಮ್ಮ ವಯಸ್ಸು ತಪ್ಪು ಹೇಳಿದರೆ ತಿದ್ದುವವರು ಯಾರೂ ಇಲ್ಲ.

ಮನೆಗೆ ಬಂದು ಹಠಕ್ಕೆ ಬಿದ್ದು ಓದಿದೆ. ಹುಡುಗಿ ಹೇಳಿದ್ದೇ ಸರಿ. ಲಾಸಾದ ಮೂತಿ ಸುಮಾರು ಒಂದೂವರೆ ಇಂಚು. ಶಿಟ್ಜುವಿನದ್ದು ಒಂದು ಇಂಚು ದಾಟದಿದ್ದರೆ ಚೆನ್ನ. ಶಿಟ್ಜುವಿನ ತಲೆ ಅಗಲ, ಕಣ್ಣು ದೊಡ್ಡದು, ದುಂಡಗೆ. ಮೂಗಿನ ಮೇಲಿನ ಕೂದಲು ಮೇಲಕ್ಕೆ ಬೆಳೆದು ಮುಖ ಸೇವಂತಿಗೆಯ ಹಾಗೆ ಅರಳಿರುತ್ತದೆ. ಲಾಸಾದ ತಲೆ ಕಿರಿದು, ಕೂದಲು ಒರಟು. ಒಟ್ಟಿನಲ್ಲಿ ಇದು ಅರ್ಧ ಇಂಚಿನ ಜಗಳ. ಅದನ್ನು ನಾನು, ಒಂದು ಕ್ಷಣವೂ ನಿಲ್ಲದ ನಾಯಿಯ ಮುಖದಲ್ಲಿ, ಎರಡನೇ ಮಹಡಿ ಬರುವಷ್ಟರಲ್ಲಿ ಅಳೆಯಬೇಕಿತ್ತು.

ಮೂಗಿನ ಬೆನ್ನು ಹತ್ತಿದವನಿಗೆ ರಾಸ್‌ವೆಲ್ ಎಲ್ಡ್ರಿಜ್ ಸಿಕ್ಕಿದ. ಅಮೆರಿಕದವನು. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ಪುಟ್ಟ ಸ್ಪೇನಿಯಲ್ ನಾಯಿಗಳೆಂದರೆ ಹುಚ್ಚು. ಅವನ ಕಾಲದ, ಅಂದರೆ 17ನೇ ಶತಮಾನದ ಚಿತ್ರಗಳಲ್ಲಿ ಅವಕ್ಕೆ ನೆಟ್ಟಗಿನ ಮೂಗಿದೆ. ಆಮೇಲೆ ಜನರಿಗೆ ಚಪ್ಪಟೆ ಮೂಗಿನ ಆಸೆ ಹತ್ತಿತು. ಮರಿಯಿಂದ ಮರಿಗೆ ಮೂಗು ಒಳಗೆ ಹೋಯಿತು, ನೆತ್ತಿ ಗುಮ್ಮಟವಾಯಿತು. ಎಲ್ಡ್ರಿಜ್ ಚಿತ್ರದಲ್ಲಿದ್ದಂಥ ನಾಯಿಯನ್ನು ಇಂಗ್ಲೆಂಡಿನಲ್ಲಿ ಹುಡುಕಿದ. ಸಿಗಲಿಲ್ಲ. ನಾನಾಗಿದ್ದರೆ ಗೊಣಗಿಕೊಂಡು ವಾಪಸ್ ಹೋಗುತ್ತಿದ್ದೆ. ಆತ 1926ರಲ್ಲಿ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಬಹುಮಾನ ಇಟ್ಟ: ಹಳೇ ಮೂಗಿನ ನಾಯಿ ತಂದವರಿಗೆ 25 ಪೌಂಡ್. ಅಲ್ಲಿಯವರೆಗೆ ಉದ್ದ ಮೂಗಿನ ಮರಿ ಹುಟ್ಟಿದರೆ ಮುಖ ಸಿಂಡರಿಸುತ್ತಿದ್ದವರೂ ಈಗ ಅಂಥ ಮರಿಗಳ ಕಡೆ ತಿರುಗಿ ನೋಡಿದರು. 1928ರಲ್ಲಿ 'ಆನ್ಸ್ ಸನ್' ಎಂಬ ನಾಯಿ ಗೆದ್ದಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಲಕ್ಷಣ ಬರೆದರು. 1945ರಲ್ಲಿ ಅದು ಬೇರೆಯೇ ತಳಿಯಾಯಿತು: ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್. ಅದನ್ನು ನೋಡಲು ಎಲ್ಡ್ರಿಜ್ ಇರಲಿಲ್ಲ. ನೆತ್ತಿ ಹೆಚ್ಚುಕಡಿಮೆ ಸಪಾಟಾಗಿದ್ದು ಮೂತಿ ಒಂದೂವರೆ ಇಂಚಿದ್ದರೆ ಕ್ಯಾವಲಿಯರ್. ಗುಮ್ಮಟ ನೆತ್ತಿ, ಅಪ್ಪಚ್ಚಿ ಮೂಗಿದ್ದರೆ ಬರೀ ಕಿಂಗ್ ಚಾರ್ಲ್ಸ್. ಎರಡೂ ಉಳಿದುಕೊಂಡಿವೆ, ನನ್ನಂಥವರನ್ನು ಗೋಳು ಹೊಯ್ಯಲು.

ನನಗೆ ಸಿಟ್ಟು ಬರುವುದು ಆ ಅಪ್ಪಚ್ಚಿಗೆ. ಮೂತಿ ಮೊಟಕಾದರೂ ಒಳಗಿನ ಮೆದು ಅಂಗುಳ ಅಷ್ಟು ಸುಲಭಕ್ಕೆ ಮೊಟಕಾಗುವುದಿಲ್ಲ. ಮೂತಿ ತೀರಾ ಚಪ್ಪಟೆಯಾದ ಎಷ್ಟೋ ನಾಯಿಗಳಲ್ಲಿ ಅದು ಉಸಿರಿನ ದಾರಿಗೇ ಅಡ್ಡ ಬರುತ್ತದೆ. ನಾಲ್ಕು ಹೆಜ್ಜೆ ಓಡಿದರೆ ಗೊರಗೊರ. ಅದನ್ನು ಕೇಳಿ "ಅಯ್ಯೋ, ಎಷ್ಟು ಮುದ್ದು!" ಅನ್ನುತ್ತಾರೆ. ನನಗೆ ನೆಗಡಿಯಾಗಿ ಮೂಗು ಕಟ್ಟಿದಾಗ ಯಾರೂ ಮುದ್ದು ಅಂದಿಲ್ಲ. ದಿಂಬು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿದ್ದಾರೆ.

ನಿನ್ನೆ ಮತ್ತೆ ಅದೇ ಲಿಫ್ಟು, ಅದೇ ನಾಯಿ. ಈಗ ನನಗೆ ಎಲ್ಲಾ ಗೊತ್ತು. ಆದರೆ ಯಾರೋ ಅದರ ಕೂದಲನ್ನು ಗಿಡ್ಡವಾಗಿ ಕತ್ತರಿಸಿಬಿಟ್ಟಿದ್ದರು. ಜುಟ್ಟೂ ಇಲ್ಲ, ಸೇವಂತಿಗೆಯೂ ಇಲ್ಲ. ಇರಲಿ, ಕಣ್ಣು ಎಲ್ಲಿ ಹೋಗುತ್ತದೆ? ದುಂಡಗಿದೆಯೋ ಇಲ್ಲವೋ ನೋಡೋಣ ಎಂದು ಮಂಡಿಯೂರಿ ಬಗ್ಗಿದೆ. ಅದು ನನ್ನ ಕನ್ನಡಕವನ್ನು ಈ ತುದಿಯಿಂದ ಆ ತುದಿಯವರೆಗೆ ನೆಕ್ಕಿತು. ಏನೂ ಕಾಣದಾಯಿತು. ಗೋಡೆ ಹಿಡಿದು ಎದ್ದೆ. ಮಂಡಿ ಲಟಕ್ಕೆಂದಿತು.

"ನಿಧಾನ ಅಂಕಲ್," ಎಂದಳು ಹುಡುಗಿ.